ಪಾಪಪ್ರಜ್ಞೆ ಅಲ್ಲ, ಅರುಹು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಕ್ರೈಸ್ತರ ‘ಕನ್ವಿಕ್ಷನ್’, ಅಂದ್ರೆ ತಪ್ಪು ತನ್ನದೇ ಅಂತ ಮನಸ್ಸಿಗೆ ನಾಟೋದು, ಅದರ ಬಗ್ಗೆ ಬಂದ ಬರಹ ಓದಿದೆ, ಉದ್ದಕ್ಕೂ ಅದನ್ನ ‘ಪಾಪಪ್ರಜ್ಞೆ’ ಅಂತಲೇ ಬರೆದಿದ್ದಾರೆ, ಓದಿದವ್ರಿಗೆ ಚರ್ಚಿಗೆ ಹೋಗೋರೆಲ್ಲ ನಾನು ಪಾಪಿ ನಾನು ಪಾಪಿ ಅಂತ ಎದೆ ಬಡ್ಕೊಂಡು ಬರ್ತಾರೇನೋ ಅನ್ಸುತ್ತೆ. ಹಂಗಲ್ಲ.

ಯೋಹಾನನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನ ನೋಡಿ. ಪವಿತ್ರಾತ್ಮ ಬಂದು ಏನ್ಮಾಡ್ತಾನೆ ಅಂತ ಯೇಸು ಹೇಳೋ ಕಡೆ ನಮ್ಮ ಹಳೇ ಕನ್ನಡ ಬೈಬಲ್‌ನಲ್ಲಿ ಇರೋ ಪದ ‘ಅರುಹು’, ಅಂದ್ರೆ ಅರಿವು. ಎಷ್ಟು ಒಳ್ಳೇ ಪದ, ನಾವೇ ಮರ್ತಿದೀವಿ! ಮೂಲ ಗ್ರೀಕ್ ಮಾತಿಗೆ ಮುಚ್ಚಿಟ್ಟಿದ್ದನ್ನ ಬೆಳಕಿಗೆ ತಂದು ತೋರ್ಸೋದು ಅನ್ನೋ ಅರ್ಥ ಇದೆ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದ ಶುರುವಲ್ಲಿ ನಂಬಿಕೆ ಅಂದ್ರೇನು ಅಂತ ಹೇಳುವಾಗ್ಲೂ ಅದೇ ಬೇರಿನ ಪದ, ಅಲ್ಲಿ ಕಣ್ಣಿಗೆ ಕಾಣದ್ದು ನಿಜ ಅಂತ ಮನಸ್ಸಿಗೆ ಗಟ್ಟಿ ಆಗೋದು. ಪಾಪಪ್ರಜ್ಞೆ ಅಂದ್ಬಿಟ್ರೆ ಇದರಲ್ಲಿ ಅರ್ಧನೂ ಬರಲ್ಲ.

ಬೈಬಲ್‌ನಲ್ಲಿ ದಾವೀದ ರಾಜ ಇನ್ನೊಬ್ಬನ ಹೆಂಡ್ತಿನ ತನ್ನೋಳ್ ಮಾಡ್ಕೊಂಡಾಗ ನಾತಾನ ಪ್ರವಾದಿ ಅವನ ಹತ್ರ ಹೋಗಿ ಕೂಗಾಡ್ಲಿಲ್ಲ, ಬಡವನ ಒಂದೇ ಒಂದು ಕುರಿಮರಿನ ಸಾಹುಕಾರ ಕಿತ್ಕೊಂಡ ಕಥೆ ಹೇಳ್ದ, ರಾಜ ಸಿಟ್ಟಾಗಿ ಅವನಿಗೆ ಸಾವೇ ಸರಿ ಅಂದಾಗ ಆ ಮನುಷ್ಯ ನೀನೇ ಅಂದ. ಮುಗೀತು. ಈಗ ಕೆಲವು ಪ್ರಾರ್ಥನೆ ಕೂಟಗಳಲ್ಲಿ ಮೈಕ್ ಹಿಡ್ಕೊಂಡು ನರಕ ನರಕ ಅಂತ ಹೆದರಿಸ್ತಾರೆ, ಆ ಭಯ ಮನೇಲಿ ಬಿರಿಯಾನಿ ಪಾತ್ರೆ ಮುಚ್ಚಳ ತೆಗೆಯೋವರೆಗೂ ಇರಲ್ಲ ಬಿಡಿ.

ನಂದೇ ಹೇಳ್ತೀನಿ. ಅಪ್ಪನ ಅಡಿಕೆ ತೋಟ ಪಾಲಾದಾಗ ಬೇಲಿನ ಎರಡಡಿ ಅಣ್ಣನ ಕಡೆಗೆ ಸರಿಸಿ ಹಾಕ್ಸಿದ್ದೆ, ಅಲ್ಲಿಂದ ಹನ್ನೊಂದು ವರ್ಷ ಮಾತಿಲ್ಲ, ಅಷ್ಟೂ ವರ್ಷ ಪ್ರತಿ ವಾರ ಪಾಪ ಕ್ಷಮಿಸು ಅಂತ ಎಲ್ಲರ ಜೊತೆ ಸೇರಿ ಪ್ರಾರ್ಥನೆ ಹೇಳ್ತಿದ್ದೆ, ಏನೂ ಅನ್ನಿಸ್ತಿರ್ಲಿಲ್ಲ. ಒಂದಿನ ಚರ್ಚಲ್ಲಿ ಕಾಣಿಕೆ ಚೀಲ ಮುಂದೆ ಬಂತು. ಸಹೋದರನಿಗೆ ನಿನ್ ಮೇಲೆ ಏನಾದ್ರೂ ಇದ್ರೆ ಕಾಣಿಕೆನ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿ ಆಗು ಅನ್ನೋ ಮತ್ತಾಯನ ಸುವಾರ್ತೆಯ ಮಾತು ನೆನಪಾಯ್ತು, ಅವತ್ತಿನ ಉಪದೇಶ ಬೇರೇನೇ ವಿಷಯದ್ದಿತ್ತು. ಆ ಎರಡಡಿ ಬಿಟ್ರೆ ಬೇರೆ ಯಾವ ಪಾಪನೂ ತಲೆಗೆ ಬರ್ಲಿಲ್ಲ. ನೋಟು ಜೇಬಿಗೇ ಹಾಕ್ಕೊಂಡು ಎದ್ದು ಬಂದೆ, ಪಕ್ಕದಲ್ಲಿದ್ದೋರು ಏನಂದ್ಕೊಂಡ್ರೋ.

ಅಣ್ಣ ಬಾಗಿಲು ತೆಗ್ದು ಸುಮಾರು ಹೊತ್ತು ನೋಡ್ದ. ಆಮೇಲೆ ‘ಬೇಲಿ ನಾಳೆ ಕಿತ್ರಾಯ್ತು, ಒಳಗ್ ಬಾ’ ಅಂದ.

– ಒಬ್ಬ ಓದುಗ, ಶಿವಮೊಗ್ಗ