ಒಂದು ಮಗು ನಡುವೆ ನಿಂತುಬಿಟ್ಟರೆ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದವೂ ಒಂದೇ ಪಿಯಾನೋದಲ್ಲಿ ಇಬ್ಬರು ಕೂತು ನುಡಿಸುವ ನಾಲ್ಕು ಡ್ಯುಯೆಟ್‌ಗಳ ಹಾಳೆಗಳೂ ಬಂದವು. ಮನೆಯ ಸಮಾಚಾರ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಆಗುಂಬೆ, ಜೋಗ, ಮರವಂತೆ, ಚಿತ್ರದುರ್ಗ ಅಂತ ನಾಲ್ಕು ಜಾಗ ಆರಿಸಿ ಪಿಯಾನೋ ಪರೀಕ್ಷೆಯ ಗ್ರೇಡ್ 2-3ರ ಮಕ್ಕಳಿಗೆ ಬರೆದಿದ್ದೀಯ, ಖುಷಿಯಾಯಿತು. ಆದರೆ ಕಾಗದದ ಕೊನೆಯಲ್ಲಿ ಸುಮ್ಮನೆ ಸೇರಿಸಿದ ಹಾಗೆ ಒಂದು ಸಾಲು ಬರೆದಿದ್ದೀಯಲ್ಲ, ‘ವೇದಿಕೆ ಮೇಲೆ ಒಂದು ಮಗು ತಪ್ಪಿ, ನುಡಿಸುವುದನ್ನು ನಿಲ್ಲಿಸಿದರೆ ಇನ್ನೊಂದೂ ನಿಲ್ಲುತ್ತದೆ, ಇದರ ತಪ್ಪಿಗೆ ಅದರ ಮುಖವೂ ಬಾಡುತ್ತದೆ, ಹಾಗಾಗುವುದಾದರೆ ಡ್ಯುಯೆಟ್ಟೇ ಬೇಡವೇನೋ’ ಅಂತ, ಅದನ್ನು ಓದಿದಮೇಲೆ ಉಳಿದದ್ದೆಲ್ಲ ಹಿಂದೆ ಸರಿಯಿತು.

ನಿಲ್ಲುತ್ತವೆ ಪುಟ್ಟಿ. ಮಕ್ಕಳು ನಿಂತೇ ನಿಲ್ಲುತ್ತವೆ. ನಿಲ್ಲದ ಹಾಗೆ ಮಾಡುವ ಉಪಾಯ ಯಾರ ಹತ್ತಿರವೂ ಇಲ್ಲ. ನಿಂತಮೇಲೆ ಮತ್ತೆ ಸೇರಿಕೊಳ್ಳುವುದನ್ನು ಮಾತ್ರ ಕಲಿಸಬಹುದು, ಅದನ್ನು ಕಲಿಸುವವರು ಕಡಿಮೆ.

ಯಾಕೆ ನಿಲ್ಲುತ್ತವೆ ನೋಡು. ಮಗು ವಾರಗಟ್ಟಲೆ ಮನೆಯಲ್ಲಿ ತನ್ನ ಪಾಲನ್ನು ಒಂಟಿಯಾಗಿ ನುಡಿಸುತ್ತದೆ. ತಪ್ಪಿದರೆ ಒಂದು ಬೀಟ್ (ತಾಳದ ಒಂದು ಎಣಿಕೆ) ಹಿಂದೆ ಹೋಗಿ ಸರಿಮಾಡಿಕೊಂಡು ಮುಂದೆ ಹೋಗುತ್ತದೆ. ಸೋಲೋದಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ, ಮೇಷ್ಟರೂ ‘ಪರವಾಗಿಲ್ಲ, ಸರಿಮಾಡಿಕೊಂಡಳು’ ಅನ್ನುತ್ತಾರೆ. ಬೆರಳಿಗೆ ಅದೇ ಚಾಳಿಯಾಗುತ್ತದೆ. ಡ್ಯುಯೆಟ್ಟಿನಲ್ಲಿ ಆ ಒಂದು ಬೀಟ್ ಹಿಂದೆ ಹೋದರೆ ಜೊತೆಯವಳು ಆಗಲೇ ಮುಂದಿರುತ್ತಾಳೆ. ಇಬ್ಬರೂ ಬೆಚ್ಚಿ ಕೈ ತೆಗೆಯುತ್ತಾರೆ. ಮೊದಲ ತಪ್ಪಿಗಿಂತ ಅದನ್ನು ತಿದ್ದಲು ಹೋದದ್ದೇ ನಿಲ್ಲಿಸುತ್ತದೆ. ಹಾಗಾಗಿ ಮೊದಲ ದಿನದಿಂದಲೇ ಒಂದು ಕಟ್ಟಳೆ ಮಾಡು: ಡ್ಯುಯೆಟ್ ಪುಸ್ತಕ ತೆರೆದಮೇಲೆ ಹಿಂದೆ ಹೋಗುವಂತಿಲ್ಲ. ತಪ್ಪು ಸ್ವರ ಬಿದ್ದರೆ ಬೀಳಲಿ, ಬೀಟ್ ಹೋಗಬಾರದು.

ಇನ್ನೊಂದು, ನೀನು ಬರೆಯುವವಳಾದ್ದರಿಂದ ನಿನ್ನ ಕೈಯಲ್ಲೇ ಇದೆ. ಪ್ರತಿ ಎಂಟು ಬಾರ್‌ಗೊಮ್ಮೆ, ಅಂದರೆ ತಾಳದ ಎಂಟು ಸುತ್ತಿಗೊಮ್ಮೆ, ಇಬ್ಬರೂ ಬಂದು ಇಳಿಯುವ ಒಂದು ಜಾಗ ಬರೆ. ಸೆಕೆಂಡೊದ, ಅಂದರೆ ಎಡಕ್ಕೆ ಕೂತು ಕೆಳಗಿನ ಸ್ವರ ನುಡಿಸುವವಳ, ಎಡಗೈಯಲ್ಲಿ ಕೇಳಿದ ಕೂಡಲೇ ಗುರುತು ಹತ್ತುವ ಒಂದು ಒಂಟಿ ಸ್ವರ, ಅದರ ಮೇಲೆ ಪ್ರೀಮೊ, ಬಲಕ್ಕೆ ಕೂತವಳು, ಹೊಸ ಸಾಲು ಶುರುಮಾಡುವುದು. ಆ ಜಾಗಕ್ಕೆ 1, 2, 3 ಅಂತ ನಂಬರು ಕೊಟ್ಟು ದಪ್ಪ ಚೌಕದಲ್ಲಿ ಬರೆದಿಡು. ಮನೆಯಲ್ಲಿ ಕರ್ನಾಟಕ ಸಂಗೀತ ಕೇಳಿದ ಮಗುವಾದರೆ ‘ಇದು ಎಡುಪು’ (ತಾಳದಲ್ಲಿ ಹಾಡು ಹಿಡಿಯುವ ಜಾಗ) ಅಂದರೆ ಸಾಕು, ಅರ್ಥವಾಗುತ್ತದೆ. ಕ್ಲಾಸಿನಲ್ಲಿ ನೀನು ‘ಮೂರು!’ ಅಂದ ಕೂಡಲೇ ಇಬ್ಬರೂ ಒಂದು ಬಾರ್ ಎಣಿಸಿ ಅಲ್ಲಿಂದ ಹಿಡಿಯಬೇಕು. ಆಮೇಲೆ ‘ಒಂದು!’, ಆಮೇಲೆ ‘ನಾಲ್ಕು!’. ಇದು ಪಳಗಿದಮೇಲೆ ಇನ್ನೊಂದು ಆಟ: ನುಡಿಸುತ್ತಿರುವಾಗ ಒಬ್ಬಳ ಭುಜ ಮುಟ್ಟು. ಅವಳು ಕೈ ಎತ್ತಬೇಕು, ಇನ್ನೊಬ್ಬಳು ನಿಲ್ಲದೆ ಹೋಗುತ್ತಿರಬೇಕು, ಎತ್ತಿದವಳು ಮುಂದಿನ ಚೌಕದಲ್ಲಿ ಸೇರಿಕೊಳ್ಳಬೇಕು. ಹೀಗೆ ಬೇಕೆಂದೇ ನಿಂತು ಅಭ್ಯಾಸವಾದ ಮಗುವಿಗೆ ನಿಜವಾಗಿ ನಿಂತಾಗ ಗಾಬರಿ ಕಡಿಮೆ.

ಇಷ್ಟನ್ನೇ ಹೇಳಿ ಮುಗಿಸಬೇಕೆಂದಿದ್ದೆ. ಆದರೆ ನಿನ್ನ ಹಾಳೆ ನೋಡುತ್ತಾ ಹೋದರೆ, ಮಕ್ಕಳು ನಿಲ್ಲುವ ಜಾಗಗಳನ್ನು ಕೆಲವು ಕಡೆ ನೀನೇ ಬರೆದಿಟ್ಟ ಹಾಗಿದೆ. ಬೇಜಾರು ಮಾಡಿಕೊಳ್ಳಬೇಡ.

ಚಿತ್ರದುರ್ಗವನ್ನೇ ತೆಗೆದುಕೊ. ಬಂಡೆಗಳ ನಡುವಿನ ಬಯಲು ಕಾಣಲಿ ಅಂತ ಪ್ರೀಮೊಗೆ ಮೂರು ಬಾರ್ ಖಾಲಿ ಬಿಟ್ಟಿದ್ದೀಯ. ಕಿವಿಗೆ ಸೊಗಸು, ನಾನು ಒಪ್ಪುತ್ತೇನೆ. ಆದರೆ ಒಂಬತ್ತು ವರ್ಷದ ಮಗು ಬೆರಳಿಗೆ ಕೆಲಸವಿಲ್ಲದಾಗ ಎಣಿಸುವುದಿಲ್ಲ, ಸಭೆಯಲ್ಲಿ ಅಮ್ಮ ಎಲ್ಲಿ ಕೂತಿದ್ದಾಳೆ ಅಂತ ನೋಡುತ್ತದೆ. ಡ್ಯುಯೆಟ್ ಕೆಡುವುದು ವೇಗದ ಜಾಗದಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಕೆಡುವುದು ಇಂಥ ಖಾಲಿ ಜಾಗದಲ್ಲಿ, ಉದ್ದ ಸ್ವರದಲ್ಲಿ, ಮತ್ತೆ ರಿಪೀಟ್‌ನ ಎರಡನೇ ಎಂಡಿಂಗ್‌ನಲ್ಲಿ, ಅಂದರೆ ಮರಳಿ ನುಡಿಸುವಾಗ ಮುಕ್ತಾಯ ಬದಲಾಗುವ ಕಡೆ. ಮೂರು ಬಾರನ್ನು ಒಂದಕ್ಕೆ ಇಳಿಸು. ಇಳಿಸಲು ಮನಸ್ಸಾಗದಿದ್ದರೆ ಆ ಖಾಲಿಯ ಮೇಲೆ ಸೆಕೆಂಡೊದ ಸ್ವರಗಳನ್ನು ಸಣ್ಣ ಅಕ್ಷರದಲ್ಲಿ ಅಚ್ಚುಮಾಡು, ಮಗು ಅದನ್ನು ಕೇಳುತ್ತಾ ಕಣ್ಣಲ್ಲಿ ಹಿಂಬಾಲಿಸುತ್ತದೆ. ರಿಪೀಟ್ ಚಿಹ್ನೆಗಳನ್ನಂತೂ ತೆಗೆದು ಪೂರ್ತಿ ಬರೆದುಬಿಡು. ಎಂಟು ಬಾರ್ ಹೆಚ್ಚಾಗುತ್ತದೆ, ಆಗಲಿ.

ಚೆಕ್ ಸಂಗೀತಗಾರ ದ್ವೊರ್ಝಾಕ್ 1883-84ರಲ್ಲಿ ಬೊಹೀಮಿಯಾದ ಕಾಡುಗಳ ಮೇಲೆ ನಾಲ್ಕು ಕೈಗಳಿಗೆ ಆರು ತುಣುಕು ಬರೆದ. ಆಮೇಲೆ ಚೆಲ್ಲೋಗೂ ಹೊಂದಿಸಿದ ಐದನೆಯದು, ಆ ಕಾಡಿನ ಮೌನದ ತುಣುಕು, ನಿನಗೆ ಬಹಳ ಇಷ್ಟ ಅಂತ ಗೊತ್ತು. ನಿನ್ನ ಚಿತ್ರದುರ್ಗದಲ್ಲಿ ಅದರ ನೆರಳು ಕಂಡಿತು. ಆದರೆ ಅದು ಐದು ಫ್ಲ್ಯಾಟ್‌ನ, ಅಂದರೆ ಕಪ್ಪು ಕೀಗಳೇ ಹೆಚ್ಚಿರುವ, ಸ್ವರಶ್ರೇಣಿಯಲ್ಲಿ, ನಿಧಾನವಾಗಿ, ಉದ್ದ ಸ್ವರಗಳಲ್ಲಿ ಹೋಗುವಂಥದ್ದು. ದೊಡ್ಡವರಿಗೆ ಬರೆದದ್ದು. ನಿಧಾನ ಅಂದರೆ ಸುಲಭ ಅಂತಲ್ಲ. ಮಕ್ಕಳಿಗೆ ಬೇಕಾದರೆ ಡಯಾಬೆಲ್ಲಿಯ ಓಪಸ್ (ಕೃತಿ ಸಂಖ್ಯೆ) 149 ನೋಡು. ಆ ಇಪ್ಪತ್ತೆಂಟು ತುಣುಕುಗಳಲ್ಲಿ ಪ್ರೀಮೊ ಐದು ಸ್ವರಗಳ ವ್ಯಾಪ್ತಿ ಬಿಟ್ಟು ಹೋಗುವುದೇ ಇಲ್ಲ. ಕೈ ಜಾಗ ಬದಲಿಸದ ಕಾರಣ ಕಣ್ಣು ಕೀ ಮೇಲೆ ಇಳಿಯುವುದಿಲ್ಲ, ಹಾಳೆಯ ಮೇಲೇ ಇರುತ್ತದೆ, ದಾರಿ ತಪ್ಪುವುದಿಲ್ಲ. ಸ್ಟ್ರಾವಿನ್‌ಸ್ಕಿ 1914-15ರ ಮೂರು ತುಣುಕುಗಳಲ್ಲಿ ಸೆಕೆಂಡೊವನ್ನು ಸುಲಭ ಮಾಡಿದ, 1916-17ರ ಐದರಲ್ಲಿ ಪ್ರೀಮೊವನ್ನು ಸುಲಭ ಮಾಡಿದ. ಎರಡೂ ಪಾಲು ಒಂದೇ ಕಷ್ಟದ್ದಾಗಿರಬೇಕೆಂಬ ನಿಯಮವೇನಿಲ್ಲ. ನಿನ್ನ ನಾಲ್ಕರಲ್ಲೂ ಇಬ್ಬರಿಗೂ ಸಮಸಮ ಹಂಚಿದ್ದೀಯ. ನ್ಯಾಯ ಸರಿ, ಆದರೆ ಇಬ್ಬರೂ ಏಕಕಾಲಕ್ಕೆ ಅಳುಕುತ್ತಿದ್ದರೆ ಹಿಡಿದುಕೊಳ್ಳುವವರು ಯಾರು? ಒಂದು ಪಾಲು ನಿದ್ದೆಗಣ್ಣಲ್ಲೂ ನುಡಿಸುವಷ್ಟು ಹಗುರವಿರಲಿ.

ಜೋಗದ ವಿಷಯ. ರಾಜ, ರಾಣಿ, ರೋರರ್, ರಾಕೆಟ್, ನಾಲ್ಕು ಧಾರೆಗೆ ನಾಲ್ಕು ಕೈ ಅನ್ನುವ ಯೋಚನೆ ಚೆನ್ನಾಗಿದೆ. ಆದರೆ ನಾಲ್ಕೂ ಕೈಗೆ ಟ್ರೆಮೊಲೊ (ಎರಡು ಸ್ವರಗಳ ನಡುವೆ ಬೇಗಬೇಗ ಹೊಯ್ದಾಟ) ಕೊಟ್ಟರೆ 253 ಮೀಟರ್‌ನಿಂದ ನೀರು ಬಿದ್ದ ಹಾಗೆ ಕೇಳುವುದಿಲ್ಲ, ಗದ್ದಲವಾಗುತ್ತದೆ. ಆ ಗದ್ದಲದಲ್ಲಿ ಜೊತೆಯವಳ ಬೀಟ್ ಕೇಳದೆ ಮಗು ನಿಲ್ಲುತ್ತದೆ, ನೋಡು, ಮತ್ತೆ ಅಲ್ಲಿಗೇ ಬಂದೆ. ಟ್ರೆಮೊಲೊ ಒಂದು ಕೈಗೆ ಸಾಕು, ಸೆಕೆಂಡೊದ ಬಲಗೈಗೆ. ಎಡಗೈಯಲ್ಲಿ ಬಾರ್‌ಗೊಂದು ಗಟ್ಟಿ ಸ್ವರ. ಮಿಡಲ್ ಸಿಯಿಂದ (ಕೀಬೋರ್ಡಿನ ನಡುವಿನ ಸಿ) ಎರಡು ಆಕ್ಟೇವ್ ಕೆಳಗಿನ ಸಿಗಿಂತ ಕೆಳಗೆ ಥರ್ಡ್ (ಸ-ಗದಂಥ ಜೋಡಿ) ಹಾಕಬೇಡ, ಅಲ್ಲಿ ಥರ್ಡ್ ಬರೀ ಗೊರಗೊರ ಅನ್ನುತ್ತದೆ. ಫಿಫ್ತ್ (ಸ-ಪ) ಅಥವಾ ಆಕ್ಟೇವ್ (ಸ-ಮೇಲಿನ ಸ) ಇರಲಿ. ಸೆಕೆಂಡೊಗೆ ಪಿ (ಮೆಲ್ಲಗೆ), ಪ್ರೀಮೊಗೆ ಎಂಎಫ್ (ಕೊಂಚ ಜೋರಾಗಿ) ಅಂತ ಬರೆ. ಮೇಲಿನ ಸ್ವರಗಳು ಬೇಗ ಆರುತ್ತವೆ, ಕೆಳಗಿನವು ಉಳಿಯುತ್ತವೆ, ಇಬ್ಬರಿಗೂ ಒಂದೇ ಗುರುತು ಹಾಕಿದರೆ ಪ್ರೀಮೊ ಮುಳುಗುತ್ತದೆ. ಲಿಂಗನಮಕ್ಕಿಗೆ ಕಟ್ಟೆ ಕಟ್ಟಿದಮೇಲೆ ಬೇಸಿಗೆಯಲ್ಲಿ ಅಲ್ಲಿ ಬಂಡೆಯೇ ಹೆಚ್ಚು, ನೀರು ಕಡಿಮೆ. ನಡುವೆ ಒಂದು ಸಾಲು ಹಾಗೆ ತೆಳ್ಳಗೆ, ಪ್ರೀಮೊ ಒಂದೇ ಕೈಯಲ್ಲಿ ನುಡಿಸಲಿ, ಇಬ್ಬರಿಗೂ ಉಸಿರಾಡಲು ಜಾಗ ಸಿಗುತ್ತದೆ.

ಆಗುಂಬೆಯ ಮಳೆಗೆ ಹನಿಗಳನ್ನು ಇಬ್ಬರಿಗೂ ಹಂಚಿದ್ದೀಯ, ಇವಳದೊಂದು ಕ್ವೇವರ್ (ಅರ್ಧ ಬೀಟ್‌ನ ಸ್ವರ), ಅವಳದೊಂದು ಕ್ವೇವರ್. ಹಾಳೆಯಲ್ಲಿ ಇದಕ್ಕಿಂತ ಸುಲಭ ಯಾವುದೂ ಕಾಣುವುದಿಲ್ಲ, ಮಕ್ಕಳಿಗೆ ಇದಕ್ಕಿಂತ ಕಷ್ಟ ಯಾವುದೂ ಇಲ್ಲ. ಒಬ್ಬರಿಗೊಬ್ಬರು ಕಾಯುತ್ತಾರೆ, ಕಾದು ಕಾದು ವೇಗ ಇಳಿಯುತ್ತದೆ, ಒಂದು ಹನಿ ತಪ್ಪಿದರೆ ಮಳೆಯೇ ನಿಂತುಹೋಗುತ್ತದೆ. ಸೆಕೆಂಡೊ ಬಿಡದೆ ಕ್ವೇವರ್ ನುಡಿಸಲಿ, ಪ್ರೀಮೊದ ಹನಿಗಳು ಅಲ್ಲಲ್ಲಿ ಬೀಳಲಿ, ಹೆಚ್ಚಿನವು ಬೀಟ್ ಮೇಲೆ.

ಅದಕ್ಕೆ ಅಮೃತವರ್ಷಿಣಿಯ ಸ್ವರಗಳನ್ನು ತೆಗೆದುಕೊಂಡದ್ದು ಸಹಜ, ಮಳೆ ಅಂದರೆ ನಮ್ಮವರಿಗೆ ಅದೇ ನೆನಪು. ಸಿಯನ್ನು ಸ ಅಂತ ಹಿಡಿದರೆ ಸಿ, ಇ, ಎಫ್ ಶಾರ್ಪ್, ಜಿ, ಬಿ. ಸೆಕೆಂಡೊ ಸಿ-ಜಿ ಹಿಡಿದಿರುವಾಗ ಎಫ್ ಶಾರ್ಪ್ ಹಾದುಹೋದರೆ ಚೆಂದ. ಮಗು ಅಲ್ಲೇ ಸಿಕ್ಕಿಕೊಂಡು ನಿಂತರೆ ಜಿ ಜೊತೆ ಉಜ್ಜಿ ಇಡೀ ಸಭೆಗೆ ಗೊತ್ತಾಗುತ್ತದೆ. ರಾಗ ಬಿಡಬೇಡ, ಎಫ್ ಶಾರ್ಪ್ ಮತ್ತು ಬಿ ಎರಡನ್ನೂ ಬೀಟ್ ಮೇಲಿಂದ ತೆಗೆದು ಬೀಟ್‌ಗಳ ನಡುವೆ ಹಾಕು. ತೀರ ಅಳುಕುವ ಜೋಡಿಗೆ ಮೋಹನದಲ್ಲಿ ಒಂದು ಬರೆದುಕೊಡು: ಸಿ, ಡಿ, ಇ, ಜಿ, ಎ, ಕೆಳಗೆ ಸಿ-ಜಿ ಶ್ರುತಿ. ಸೆಮಿಟೋನ್ (ತೀರ ಪಕ್ಕಪಕ್ಕದ ಕೀಗಳ ಅಂತರ) ಇಲ್ಲದ್ದರಿಂದ ಒಬ್ಬಳು ಒಂದು ಬೀಟ್ ಜಾರಿದರೂ ಯಾವುದೂ ಕಿರುಚುವುದಿಲ್ಲ, ಮುಂದಿನ ಚೌಕದವರೆಗೆ ತಳ್ಳಿಕೊಂಡು ಹೋಗಬಹುದು. ಎಫ್ ಶಾರ್ಪ್‌ನಿಂದ ಹಿಡಿದರೆ ಇದೇ ರಾಗ ಬರೀ ಕಪ್ಪು ಕೀಗಳಲ್ಲಿ ಬರುತ್ತದೆ, ಸ್ವರ ಓದಲು ಬಾರದ ಮಗುವೂ ನುಡಿಸುತ್ತದೆ. ಗಮಕ ಪಿಯಾನೋದಲ್ಲಿ ಬಾರದು, ಅದಕ್ಕಾಗಿ ಪ್ರತಿ ಸ್ವರಕ್ಕೂ ಗ್ರೇಸ್ ನೋಟ್ (ಚಿಕ್ಕ ಅಲಂಕಾರ ಸ್ವರ) ಅಂಟಿಸಬೇಡ.

ಮರವಂತೆ ನಾಲ್ಕರಲ್ಲಿ ನನಗೆ ಹೆಚ್ಚು ಹಿಡಿಸಿದ್ದು. ಕುಂದಾಪುರದಿಂದ ಬೈಂದೂರಿನ ಕಡೆ ಹೋಗುವಾಗ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ, ಪಿಯಾನೋ ಮುಂದೆ ಕೂತಾಗಲೂ ಸೆಕೆಂಡೊ ಎಡಕ್ಕೆ, ಪ್ರೀಮೊ ಬಲಕ್ಕೆ. ಹಾಗಾದರೆ ನಡುವಿನ ರಸ್ತೆಯನ್ನೂ ಬಿಡಬೇಕಲ್ಲ? ಸೆಕೆಂಡೊದ ಬಲಗೈ ಮತ್ತು ಪ್ರೀಮೊದ ಎಡಗೈ ಎರಡೂ ಮಿಡಲ್ ಸಿಗೇ ಬರುತ್ತಿವೆ. ಒಬ್ಬಳು ಒತ್ತಿ ಹಿಡಿದ ಕೀಯನ್ನು ಇನ್ನೊಬ್ಬಳು ಒತ್ತಿದರೆ ಸದ್ದು ಬರುವುದಿಲ್ಲ, ಸದ್ದು ಬರದಿದ್ದರೆ ಮಗು ತಾನೇ ತಪ್ಪಿದೆ ಅಂದುಕೊಂಡು ಕೈ ತೆಗೆಯುತ್ತದೆ. ನಡುವೆ ಕನಿಷ್ಠ ಒಂದು ಫಿಫ್ತ್ ಜಾಗವಿರಲಿ. ಆಗಲೇ ಬೇಕಾದ ಕಡೆ ಸೆಕೆಂಡೊದ ಬಲಗೈ ಕೀಗಳ ಒಳತುದಿಯಲ್ಲಿ, ಪ್ರೀಮೊದ ಎಡಗೈ ಹೊರತುದಿಯಲ್ಲಿ ಅಂತ ಹಾಳೆಯಲ್ಲೇ ಬರೆದುಬಿಡು. ಕಡಲಿಗೆ 6/8 (ಬಾರ್‌ಗೆ ಮೂರು ಮೂರು ಕ್ವೇವರ್‌ಗಳ ಎರಡು ಗುಂಪು), ಹೊಳೆಗೆ ಅದರ ಮೇಲೆ ಮೂರು ಕ್ರೋಚೆಟ್ (ಕ್ವೇವರ್‌ನ ಎರಡರಷ್ಟು ಉದ್ದದ ಸ್ವರ), ಇದು ಎರಡು ಬಾರ್ ಸಾಕು. ಪುಟ ಪೂರ್ತಿ ಬೇಡ.

ಸ್ವರಗಳನ್ನು ಉಳಿಸುವ ಕಾಲಿನ ಪೆಡಲ್ ಸೆಕೆಂಡೊದ್ದು. ಅವಳು ತನ್ನ ಬೇಸ್ ನೋಡಿ ಪೆಡಲ್ ಬದಲಿಸುತ್ತಾಳೆ, ಮೇಲೆ ಪ್ರೀಮೊದ ಸ್ವರಗಳು ಕಲಸಿಹೋಗುತ್ತವೆ. ಕೆಲವು ದಿನ ಅವಳು ಕೈ ಇಡದೆ ಜೊತೆಯವಳು ನುಡಿಸುವುದಕ್ಕೆ ಬರೀ ಪೆಡಲ್ ಹಾಕಲಿ, ಕಿವಿ ಆ ಕಡೆ ತಿರುಗುತ್ತದೆ. ಕಾಲು ಎಟುಕದ ಮಗುವಾದರೆ ಪೆಡಲ್ಲೇ ಬೇಡ.

ಈ ಕಿವಿಯ ಮಾತು ಬಂದಾಗಲೆಲ್ಲ ನನಗೊಂದು ಕೊರಗು. ನಮ್ಮ ಕಾಲದಲ್ಲಿ ಪರೀಕ್ಷೆಯೇ ಎಲ್ಲ. ಮೂರು ತುಣುಕು, ಸ್ಕೇಲು, ಸೈಟ್ ರೀಡಿಂಗ್, ಸರ್ಟಿಫಿಕೇಟಿಗೆ ಚೌಕಟ್ಟು. ಪಕ್ಕದಲ್ಲಿ ಇನ್ನೊಬ್ಬರು ಕೂತು ನುಡಿಸುವುದು ಅಂದರೇನು ಅಂತ ತಿಳಿಯದೆಯೇ ಗ್ರೇಡ್ 8 ಮುಗಿಸಿದವರು ಎಷ್ಟೋ ಜನ. ಬೆರಳು ಓಡುತ್ತಿತ್ತು, ಜೊತೆಗೆ ಹಾಡುವವರು ಒಂದು ಉಸಿರು ತಡಮಾಡಿದರೆ ಕೈ ಕಟ್ಟಿಹೋಗುತ್ತಿತ್ತು. ಅಂಥವರ ಮುಖಗಳು ಈಗಲೂ ಕಣ್ಣಮುಂದೆ ಬರುತ್ತವೆ. ನೀನು ‘ಬೇಡವೇನೋ’ ಅಂದದ್ದು ಅದಕ್ಕೇ ಇಷ್ಟು ಕಾಡಿತು. ಹೆದರಿಕೆಗೆ ಡ್ಯುಯೆಟ್ ಬಿಟ್ಟರೆ ನಿಲ್ಲುವ ಚಾಳಿ ಹಾಗೇ ಉಳಿಯುತ್ತದೆ, ಸೋಲೋದ ಒಳಗೆ ಅಡಗಿಕೊಂಡು.

ಉಳಿದದ್ದು ಸಣ್ಣಪುಟ್ಟದ್ದು, ನಿನಗೆ ಗೊತ್ತಿರಬಹುದು, ಆದರೂ. ಎರಡನೇ ವಾರದಿಂದಲೇ ಜೊತೆಗೆ ಕೂರಿಸು, ಬೇರೆ ಬೇರೆಯಾಗಿ ಪಕ್ವವಾಗಲಿ ಅಂತ ಕಾಯಬೇಡ. ಮೊದಲು ಹೊರಗಿನ ಎರಡು ಕೈ ಮಾತ್ರ, ಸೆಕೆಂಡೊದ ಎಡ ಮತ್ತು ಪ್ರೀಮೊದ ಬಲ. ಆಮೇಲೆ ಒಳಗಿನ ಕೈಗಳು. ಎಡಪುಟ-ಬಲಪುಟದ ಅಚ್ಚಿನಲ್ಲಿ ಒಬ್ಬರಿಗೆ ಇನ್ನೊಬ್ಬರ ಪಾಲು ಕಾಣುವುದಿಲ್ಲ, ಮಕ್ಕಳಿಗೆ ನಾಲ್ಕು ಸ್ಟಾಫ್ (ಐದು ಗೆರೆಗಳ ಸ್ವರಸಾಲು) ಒಂದರ ಕೆಳಗೊಂದು ಇರುವುದೇ ವಾಸಿ, ಪ್ರತಿ ಸಾಲಿಗೂ ಬಾರ್ ನಂಬರು. ಜೋಗಕ್ಕೆ ನಿಮಿಷಕ್ಕೆ ಕ್ರೋಚೆಟ್ 88 ಬರೆದಿದ್ದೀಯ, 72 ಮಾಡು. ಅತಿ ಕಷ್ಟದ ಬಾರ್ ಯಾವ ವೇಗದಲ್ಲಿ ನಿಲ್ಲುವುದಿಲ್ಲವೋ ಅದೇ ಇಡೀ ತುಣುಕಿನ ವೇಗ. ಶುರುಮಾಡುವವಳು ನಾಲ್ಕನೇ ಬೀಟ್‌ನಲ್ಲಿ ಸದ್ದಾಗುವ ಹಾಗೆ ಉಸಿರೆಳೆದುಕೊಂಡು ತಲೆ ಆಡಿಸಲಿ.

ಮನೆಯಲ್ಲಿ 61 ಕೀಗಳ ಕೀಬೋರ್ಡ್ ಇರುವ ಮಕ್ಕಳ ಬಗ್ಗೆ ನೀನು ಕೇಳಿದ್ದೀಯ. ಬಿಳಿ ಕೀ ಒಂದಕ್ಕೆ ಸುಮಾರು 23.5 ಮಿ.ಮೀ., 61ರಲ್ಲಿ ಬಿಳಿಯವು 36, ಅಂದರೆ ಇಬ್ಬರಿಗೂ ಸೇರಿ 85 ಸೆಂ.ಮೀ. ಮೊಣಕೈ ತಾಗುತ್ತದೆ, ತಾಗಿದರೆ ಗಮನ ಹೋಗುತ್ತದೆ. 88 ಕೀಗಳದ್ದಾದರೆ 122 ಸೆಂ.ಮೀ. ಸಿಗುತ್ತದೆ. ಕಡಿಮೆ ಬೆಲೆಯವುಗಳಲ್ಲಿ ಏಕಕಾಲಕ್ಕೆ 32 ಸ್ವರ ಮಾತ್ರ ಉಳಿಯುವಂಥವಿರುತ್ತವೆ. ನಾಲ್ಕು ಕೈ, ಮೇಲೆ ಪೆಡಲ್ ಅಂದರೆ ಹಳೆಯ ಸ್ವರಗಳು ತಾವಾಗಿ ಕಡಿದುಹೋಗುತ್ತವೆ, ಮಗುವಿಗೆ ಅದು ತನ್ನ ತಪ್ಪಿನ ಹಾಗೆ ಕೇಳುತ್ತದೆ. ಅಂಥದ್ದರಲ್ಲಿ ಒಂದೊಂದೇ ಪಾಲು ಅಭ್ಯಾಸ ಮಾಡಲಿ, ಜೊತೆಗೆ ನುಡಿಸುವುದು ನಿನ್ನ ಮನೆಯಲ್ಲೇ ಆಗಲಿ. ವೇದಿಕೆಗೆ ಒಂದೇ ಬೆಂಚ್ ಬೇಡ, ಎರಡು ಸ್ಟೂಲ್ ಕೇಳು, ಇಬ್ಬರ ಎತ್ತರ ಒಂದೇ ಇರುವುದಿಲ್ಲ.

ಮರವಂತೆಯ ಎರಡನೇ ಪುಟದ ಫೋಟೊ ಮಸುಕಾಗಿದೆ, 17ನೇ ಬಾರ್‌ನಲ್ಲಿ ಸೆಕೆಂಡೊದ ಬೆರಳ ನಂಬರು ಕಾಣುತ್ತಿಲ್ಲ. ಅದನ್ನೊಮ್ಮೆ ಕಳಿಸು, ಅಲ್ಲೇ ಕೈ ಸಿಕ್ಕಿಕೊಳ್ಳುತ್ತದೇನೋ ಅಂತ ಅನುಮಾನ.

ಇಂತಿ,
ನಿನ್ನ ಅತ್ತೆ