ಬೈಬಲ್ಲಿನ ಒಂದೇ ವಚನ ಹಿಡ್ಕೊಂಡು ಜಗಳ ಯಾಕೆ

ಸಂಪಾದಕರೇ,

ಯುದ್ಧದ ಬಗ್ಗೆ ಬೈಬಲ್ ಏನ್ ಹೇಳತ್ತೆ ಅಂತ ಈ ಅಂಕಣದಲ್ಲಿ ಪತ್ರದ ಮೇಲೆ ಪತ್ರ ಬರ್ತಾ ಇದೆ, ಒಬ್ರು ‘ಒಂದು ಕೆನ್ನೆಗೆ ಹೊಡೆದ್ರೆ ಇನ್ನೊಂದು ಕೊಡು’ ಅಂತಾರೆ, ಇನ್ನೊಬ್ರು ‘ಸಮಾಧಾನ ತರೋಕೆ ಬಂದಿಲ್ಲ, ಖಡ್ಗ ತಂದಿದೀನಿ ಅಂತ ಯೇಸುನೇ ಹೇಳಿದಾರಲ್ಲ’ ಅಂತ ತಿರುಗಿಸ್ತಾರೆ. ಎರಡೂ ಮತ್ತಾಯನ ಪುಸ್ತಕದ್ದೇ, 5ನೇ ಅಧ್ಯಾಯ ಮತ್ತೆ 10ನೇದು. ಆದ್ರೆ ಆ ಖಡ್ಗದ ಮುಂದಿನ ಸಾಲು ಯಾರಾದ್ರೂ ಓದಿದೀರಾ? ಅಪ್ಪ-ಮಗ, ಅಮ್ಮ-ಮಗಳು, ಅತ್ತೆ-ಸೊಸೆ ಬೇರೆಯಾಗ್ತಾರೆ ಅಂತಿದೆ. ಅದು ಮನೆ ಒಡೆಯೋ ಮಾತು, ಸೈನ್ಯದ್ದಲ್ಲ. ಯೇಸುವಿನ ಕಥೆ ಬರೆದ ಇನ್ನೊಬ್ಬ, ಲೂಕ, ಇದನ್ನೇ ಬರೆಯುವಾಗ ಖಡ್ಗ ಬಿಟ್ಟು ಭೇದ ಅಂತಲೇ ಹಾಕಿದಾನೆ.

ಹಾಗಂತ ಇಡೀ ಬೈಬಲ್ಲೇ ಶಾಂತಿಮಂತ್ರ ಅನ್ನೋರ ಜೊತೆಗೂ ನಾನಿಲ್ಲ. ಯೆಹೋಶುವನ ಪುಸ್ತಕದಲ್ಲಿ ಇಸ್ರಾಯೇಲರು ಗೆದ್ದ ಯೆರಿಕೋ ಪಟ್ಟಣದಲ್ಲಿ ಗಂಡಸರು ಹೆಂಗಸರು ಮುದುಕರು ಮಕ್ಕಳು ದನ ಕುರಿ ಎಲ್ಲಾ ಕತ್ತಿಗೆ ತುತ್ತು. ಅದು ಆ ಕಾಲದ ಯುದ್ಧವರ್ಣನೆ, ಉತ್ಪ್ರೇಕ್ಷೆ ಅಂತ ಕೆಲವು ಪಂಡಿತರು ಹೇಳ್ತಾರೆ, ಇರಬಹುದು, ಓದುವಾಗ ಮಾತ್ರ ಗಂಟಲಿಗೆ ಸಿಕ್ಕಾಕೊಳತ್ತೆ. ಬೈಬಲ್ಲಿನದೇ ಇನ್ನೊಂದು ಪುಸ್ತಕ ಧರ್ಮೋಪದೇಶಕಾಂಡದ 20ನೇ ಅಧ್ಯಾಯ ಇನ್ನೂ ವಿಚಿತ್ರ. ದೂರದ ಊರಿಗೆ ಮುತ್ತಿಗೆ ಹಾಕೋ ಮೊದ್ಲು ಸಂಧಿಗೆ ಕರೀಬೇಕು, ಮುತ್ತಿಗೆ ಎಷ್ಟು ದಿನ ಆದ್ರೂ ಹಣ್ಣಿನ ಮರ ಕಡೀಬಾರ್ದು. ಅದೇ ಅಧ್ಯಾಯದಲ್ಲೇ, ಇಸ್ರಾಯೇಲರು ಹಿಡೀಬೇಕಿದ್ದ ನಾಡಿನ ಜನ ಕಾನಾನ್ಯರ ಊರುಗಳಲ್ಲಿ ಉಸಿರಾಡೋ ಯಾವುದನ್ನೂ ಬಿಡಬೇಡಿ ಅಂತಲೂ ಇದೆ! ಮರಕ್ಕಿರೋ ಕರುಣೆ ಮಗುಗಿಲ್ವಾ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ.

ಕತ್ತಿಗಳನ್ನ ಗುಳ ಮಾಡ್ತಾರೆ, ಭರ್ಜಿಗಳನ್ನ ಕುಡುಗೋಲು ಮಾಡ್ತಾರೆ ಅನ್ನೋ ಪ್ರವಾದಿ ಯೆಶಾಯನ ಸಾಲು ಎಲ್ಲರಿಗೂ ಗೊತ್ತು. ಆ ಕಲ್ಪನೆಯ ಪ್ರತಿಮೆನ ಸೋವಿಯತ್ ಒಕ್ಕೂಟ 1959ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಗೆ ಉಡುಗೊರೆ ಕೊಟ್ಟಿತ್ತು (ಅದೇ ಹೊತ್ತಲ್ಲಿ ಅಣುಬಾಂಬ್ ಗುಡ್ಡೆ ಹಾಕ್ತಾ ಇತ್ತು, ಅದು ಬೇರೆ ಮಾತು). ಆದ್ರೆ ಇನ್ನೊಬ್ಬ ಪ್ರವಾದಿ ಯೋವೇಲನ ಪುಸ್ತಕದ 3ನೇ ಅಧ್ಯಾಯದಲ್ಲಿ ಇದೇ ಮಾತು ಉಲ್ಟಾ ಬರತ್ತೆ, ಗುಳಗಳನ್ನ ಬಡಿದು ಕತ್ತಿ ಮಾಡ್ಕೊಳ್ಳಿ ಅಂತ. ಅದಕ್ಕೆ ಪ್ರತಿಮೆ ಮಾಡಿದ್ದು ನಾನಂತೂ ಕೇಳಿಲ್ಲ.

ನಂಗೆ ಎಲ್ಲಕ್ಕಿಂತ ಕಾಡೋದು ದಾವೀದನ ಕಥೆ. ಇಷ್ಟೆಲ್ಲಾ ಯುದ್ಧ ಗೆದ್ದ ರಾಜ, ದೇವಾಲಯ ಕಟ್ತೀನಿ ಅಂದ್ರೆ ದೇವರು ಬೇಡ ಅಂದ್ರು. ಯಾಕೆ? ಅರಸುಗಳ ಪುಸ್ತಕದ ಪ್ರಕಾರ ಸುತ್ತ ಯುದ್ಧ ಇತ್ತು, ಪುರುಸೊತ್ತು ಸಿಗ್ಲಿಲ್ಲ ಅಷ್ಟೇ. ಪೂರ್ವಕಾಲವೃತ್ತಾಂತ ಅನ್ನೋ ಪುಸ್ತಕದಲ್ಲಿ ನೇರವಾಗೇ ಇದೆ, ನೀನು ತುಂಬಾ ರಕ್ತ ಸುರಿಸಿದೀಯ ಅಂತ. ಅದೇ ಘಟನೆ, ಎರಡು ಕಾರಣ. ಬರೆದವರೇ ಒಳಗೊಳಗೆ ವಾದ ಮಾಡ್ತಿದ್ರು ಅಂತ ನಂಗನ್ಸತ್ತೆ, ಮತ್ತೆ ಎರಡನ್ನೂ ಅಳಿಸದೆ ಇಟ್ಟಿದಾರೆ.

ನಿಮ್ಮಲ್ಲಿ ಒಂದೇ ಕೋರಿಕೆ, ಇನ್ಮೇಲೆ ಯಾರಾದ್ರೂ ವಚನ ಬರೆದು ಕಳ್ಸಿದ್ರೆ ಅದರ ಹಿಂದಿನ ಎರಡು ಮುಂದಿನ ಎರಡು ಸಾಲೂ ಜೊತೆಗೆ ಹಾಕಿ, ಜಾಗ ಬೇಕಿದ್ರೆ ನನ್ನ ಪತ್ರನೇ ಕತ್ತರಿಸಿ.

ಇಂತಿ, ಒಬ್ಬ ಓದುಗ