ಹನುಮಂತಯ್ಯನವರ ಜೀವನಚರಿತ್ರೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

ಕೆಂಗಲ್ ಹನುಮಂತಯ್ಯನವರನ್ನು ಕುರಿತ ನಿನ್ನ ಹಸ್ತಪ್ರತಿ ಓದಿದೆ. ಶ್ರಮಪಟ್ಟಿದ್ದೀಯ, ಸಂತೋಷ. ಆದರೆ ಪುಟಪುಟಕ್ಕೂ ‘ಧೀಮಂತ’, ‘ಮಹಾಚೇತನ’ ಎಂದರೆ ಮನುಷ್ಯನೇ ಕಾಣಿಸುವುದಿಲ್ಲ. ಆ ವಿಶೇಷಣಗಳನ್ನೆಲ್ಲ ಹೊಡೆದುಹಾಕು.

ರಾಮನಗರದ ಬಳಿಯ ಲಕ್ಕಪ್ಪನಹಳ್ಳಿ, 1908ರ ಜನನ, ವಕೀಲಿ, ಸೆರೆವಾಸ ಎಲ್ಲವೂ ಬೇಗ ಮುಗಿಯಲಿ. ನೀನು ನಿಲ್ಲಬೇಕಾದದ್ದು 1949ರ ನವೆಂಬರ್‌ನಲ್ಲಿ. ನಮಗೆ ಬೇಕಿದ್ದದ್ದು ವೀಣೆ, ಸಿತಾರಿನ ನಾದ, ಕೇಳಿಸುತ್ತಿರುವುದು ಇಂಗ್ಲಿಷ್ ಬ್ಯಾಂಡಿನದು ಎಂಬರ್ಥದ ಮಾತನ್ನು ಅವರು ಸಂವಿಧಾನದ ಕರಡಿನ ಬಗ್ಗೆ ಸಂವಿಧಾನ ರಚನಾ ಸಭೆಯಲ್ಲಿ ಆಡಿದರು. ನೀನು ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀಯ! ವಿಧಾನಸೌಧದ ಮೂಲ ಆ ಮಾತಿನಲ್ಲಿದೆ ಎಂದೇ ನನ್ನ ನಂಬಿಕೆ. 1951ರ ಜುಲೈನಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದಾಗ ಮುಖ್ಯಮಂತ್ರಿಯಾಗಿದ್ದವರು ಕೆ.ಸಿ. ರೆಡ್ಡಿ, ಆಗಿನ ನಕ್ಷೆ ಸರಳವಾಗಿತ್ತು. ಮರುವರ್ಷ ಅಧಿಕಾರಕ್ಕೆ ಬಂದ ಹನುಮಂತಯ್ಯ ಅದನ್ನು ಬದಲಿಸಿ, ಬ್ರಿಟಿಷರ ಕಾಲದ ಕೆಂಪು ಅಠಾರಾ ಕಚೇರಿಯ (ಇಂದಿನ ಹೈಕೋರ್ಟ್) ಎದುರಿಗೇ ದ್ರಾವಿಡ ಶೈಲಿಯ ಕಲ್ಲಿನ ಸೌಧ ಎಬ್ಬಿಸಿದರು. ಅಲ್ಲಿ ದುಡಿದವರಲ್ಲಿ ಜೈಲಿನ ಕೈದಿಗಳೂ ಇದ್ದರು. ಅವರ ಬಗ್ಗೆ ನೀನು ಒಂದು ಸಾಲನ್ನೂ ಬರೆದಿಲ್ಲ. ಖರ್ಚಿನ ಬಗ್ಗೆ ಎದ್ದ ಆಕ್ಷೇಪಗಳನ್ನೂ ಮರೆಮಾಚಬೇಡ.

ಇನ್ನು ಕನ್ನಡ ಪ್ರದೇಶಗಳನ್ನೆಲ್ಲ ಒಂದೇ ರಾಜ್ಯವಾಗಿಸಿದ ಏಕೀಕರಣ. ವಿಶಾಲ ರಾಜ್ಯದಲ್ಲಿ ಒಕ್ಕಲಿಗರ ಸಂಖ್ಯಾಬಲ ಕುಗ್ಗುತ್ತದೆಂಬ ಲೆಕ್ಕಾಚಾರ ಹಳೆಯ ಮೈಸೂರಿನ ನಾಯಕರಿಗೆಲ್ಲ ತಿಳಿದಿತ್ತು, ಸ್ವತಃ ಒಕ್ಕಲಿಗರಾಗಿದ್ದ ಹನುಮಂತಯ್ಯನವರಿಗೂ. ಅವರ ಪಕ್ಷದವರೇ ಅನೇಕರು ವಿರೋಧಿಸಿದರು. ಆದರೂ ಅವರು ಏಕೀಕರಣದ ಪರ ನಿಂತರು. 1956ರ ಆಗಸ್ಟ್‌ನಲ್ಲಿ ಕುರ್ಚಿ ಹೋಯಿತು, ಕಡಿದಾಳ್ ಮಂಜಪ್ಪ ಬಂದರು. ನವೆಂಬರ್ 1ರಂದು ಹೊಸ ರಾಜ್ಯದ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪ.

ಇದನ್ನೆಲ್ಲ ನೀನು ‘ತ್ಯಾಗ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೀಯ. ಹಾಗೆ ಬಿಡಬೇಡ. ಅಧಿಕಾರ ಹೋಗಲು ಏಕೀಕರಣ ಎಷ್ಟು ಕಾರಣ, ಪಕ್ಷದ ಬಣಗಳ ಜಗಳ ಎಷ್ಟು ಕಾರಣ ಎಂಬುದನ್ನು ತೂಗಿ ನೋಡು. ವಿರೋಧಿಸಿದವರನ್ನು ಖಳರಂತೆ ಚಿತ್ರಿಸಬೇಡ. ಮೈಸೂರಿನ ಆದಾಯವನ್ನು ಹಿಂದುಳಿದ ಜಿಲ್ಲೆಗಳೊಂದಿಗೆ ಹಂಚಿಕೊಳ್ಳಬೇಕಾಗುತ್ತದೆಂಬ ಅವರ ಅಂಜಿಕೆ ಸುಳ್ಳಾಗಿರಲಿಲ್ಲ. ಆ ಅಂಜಿಕೆಗೆ ಪೂರ್ತಿ ಬಲ ಕೊಟ್ಟು ಬರೆದರೆ ಮಾತ್ರ ಹನುಮಂತಯ್ಯ ಎಂಥ ಒತ್ತಡದ ನಡುವೆ ನಿಂತಿದ್ದರೆಂದು ಓದುಗನಿಗೆ ಅರಿವಾಗುತ್ತದೆ.

1971ರಲ್ಲಿ ರೈಲ್ವೆ ಮಂತ್ರಿಯಾದದ್ದಕ್ಕೆ ನೀನು ಕೊಟ್ಟಿರುವ ಇಡೀ ಅಧ್ಯಾಯ ಬೇಡ, ನಾಲ್ಕು ಪುಟ ಸಾಕು. ಉಳಿದ ಜಾಗವನ್ನು ಏಕೀಕರಣಕ್ಕೆ ಕೊಡು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಕವಾಗಿದ್ದ ಫಜಲ್ ಅಲಿ ಆಯೋಗದ ವರದಿಯ ಮೇಲೆ ಮೈಸೂರು ಶಾಸನಸಭೆಯಲ್ಲಿ ನಡೆದ ಚರ್ಚೆಯ ನಡಾವಳಿಯನ್ನು ಮೊದಲು ಓದು. ಆಮೇಲೆ ಆ ಭಾಗವೊಂದನ್ನೇ ತಿದ್ದಿ ಕಳಿಸು; ಬಂದ ಕೂಡಲೇ ಓದುತ್ತೇನೆ.

ಇಂತಿ ನಿನ್ನ ಅಣ್ಣ